ಶಿರಸ್ತ್ರಾಣದ ಕ್ಯಾಮರಾ: ಅದರ ಇತಿಹಾಸವೂ ಮಿತವ್ಯಯದ ಆಯ್ಕೆಯೂ

1

ಗುಡ್ಡಗಾಡಿನ ಕಾಲುದಾರಿಗಳಲ್ಲಿ ಸೈಕಲ್ ನಡೆಸುವವರು ತಮ್ಮ ಶಿರಸ್ತ್ರಾಣದ ಮೇಲೆ ಪುಟ್ಟದೊಂದು ಕ್ಯಾಮರಾವನ್ನು ಬಿಗಿದುಕೊಂಡು, ತಾವು ಹಾಯ್ದ ದಾರಿಯನ್ನು ತಮ್ಮ ಕಣ್ಣಿನ ನೇರದಿಂದಲೇ ಚಿತ್ರಿಸಿಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ವ್ಯಾಪಾರದ ಭಾಷೆಯಲ್ಲಿ ‘ಆಕ್ಷನ್ ಕ್ಯಾಮರಾ’ ಎಂಬ ಹೆಸರನ್ನು ಪಡೆದಿರುವ ಈ ಉಪಕರಣವು ಇತಿಹಾಸದ ಅಭ್ಯಾಸಿಗಳಿಗೆ ವಿಚಾರಯೋಗ್ಯವಾದ ವಿಷಯವೇ ಎಂಬ ಸಂದೇಹ ಹುಟ್ಟಬಹುದು. ಎರಡು ಕಾರಣಗಳಿಂದ ಅದು ವಿಚಾರಯೋಗ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಒಂದು ಕಾಲಕ್ಕೆ ವಿಜ್ಞಾನಿಯ ಪ್ರಯೋಗಶಾಲೆಗೂ ಚಲಚ್ಚಿತ್ರದ ಕಂಪೆನಿಗಳಿಗೂ ಮಾತ್ರ ಸಾಧ್ಯವಾಗಿದ್ದ ಕೆಲಸವೊಂದು ಸಾಮಾನ್ಯ ವಿದ್ಯಾರ್ಥಿಯ ಕೈಗೆ ಬಂದ ಬಗೆಯನ್ನು ಇದರ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. ಎರಡನೆಯದಾಗಿ, ಇಂದು ವಿನೋದಕ್ಕಾಗಿ ತೆಗೆದ ಚಿತ್ರ ನಾಳೆ ಆಧಾರಸಾಮಗ್ರಿಯಾಗುತ್ತದೆ. ಆಧಾರವನ್ನು ಬಳಸುವವನು ಅದನ್ನು ಉಂಟುಮಾಡಿದ ಸಾಧನದ ಗುಣದೋಷಗಳನ್ನು ತಿಳಿದಿರಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನೆಲವನ್ನು ಕಣ್ಣೆದುರಿಗೆ ಇಟ್ಟುಕೊಂಡು ಈ ಕ್ಯಾಮರಾದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೂ, ಅಲ್ಪ ವೆಚ್ಚದಲ್ಲಿ ಅದನ್ನು ಆರಿಸಿಕೊಳ್ಳಬಯಸುವವರಿಗೆ ಆ ಚರಿತ್ರೆ ಏನನ್ನು ಕಲಿಸುತ್ತದೆಂದು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

2

ಮೊದಲು ನೆಲದ ವಿಚಾರ. 1997ನೆಯ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರಚಿತವಾದ ಉಡುಪಿ ಜಿಲ್ಲೆ ಪಶ್ಚಿಮದಲ್ಲಿ ಕಡಲನ್ನೂ ಪೂರ್ವದಲ್ಲಿ ಘಟ್ಟವನ್ನೂ ಎಲ್ಲೆಯಾಗಿ ಉಳ್ಳದ್ದು. ಇವೆರಡರ ನಡುವಣ ಅಂತರ ಹೆಚ್ಚಲ್ಲ. ಆದರೆ ಈ ಅಲ್ಪ ಅಂತರದಲ್ಲಿಯೇ ನೆಲದ ಸ್ವರೂಪ ಹಲವು ಸಲ ಬದಲಾಗುತ್ತದೆ. ಕಾಪುವಿನಲ್ಲಿ 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಸುತ್ತ ಮರಳೂ ಉಪ್ಪುಗಾಳಿಯೂ ಇವೆ. ಅಲ್ಲಿಂದ ಉತ್ತರಕ್ಕೆ ಮಟ್ಟುವಿನ ಕಡೆಗೆ ಸಾಗುವ ದಾರಿಯ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹೊಳೆ. ಉಡುಪಿಯಿಂದ ಪೂರ್ವಕ್ಕೆ ಐದಾರು ಕಿಲೋಮೀಟರು ಏರಿದರೆ ಮಣಿಪಾಲದ ಮುರಕಲ್ಲಿನ ಗುಡ್ಡೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಪ್ರಾರಂಭವಾಗುವುದಕ್ಕೆ ಮುಂಚೆ ಇದು ಬಹುಮಟ್ಟಿಗೆ ಬೋಳು ನೆಲವಾಗಿದ್ದಿತು. ಹಿರಿಯಡ್ಕ, ಬೈಲೂರುಗಳ ಮಾರ್ಗವಾಗಿ ಕಾರ್ಕಳವನ್ನು ಸೇರುವಷ್ಟರಲ್ಲಿ ಮುರಕಲ್ಲಿನ ಪಾದೆ, ಹಾಡಿ, ಗದ್ದೆಯ ಕಟ್ಟಪುಣಿ, ಅಡಕೆಯ ತೋಟ, ತೋಡಿನ ಮೇಲಣ ಕಾಲುಸಂಕ ಇವೆಲ್ಲವೂ ಎದುರಾಗುತ್ತವೆ. ಕಾರ್ಕಳದಲ್ಲಿ ಕಲ್ಲು ಬೇರೆ. ಅಲ್ಲಿಯದು ಕರಿಯ ಕಣಶಿಲೆಯ ಹೆಬ್ಬಂಡೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ.

ಈ ದಾರಿಗಳನ್ನು ಕುರಿತು ಉಪಲಬ್ಧವಾದ ಹಳೆಯ ಬರಹಗಳಲ್ಲಿ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ ಗಣ್ಯವಾದುದು. ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನೂ ಆತನೇ. ಆತನು 1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿ ಬರೆದ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ದಿನದಿನದ ಪಯಣವನ್ನು ಅಂದಂದೇ ಬರೆದಿಟ್ಟುದರಿಂದಲೇ ಆ ಗ್ರಂಥಕ್ಕೆ ಇಂದಿಗೂ ಬೆಲೆಯಿದೆ. ಪಯಣಿಗನು ದಾರಿಯನ್ನು ದಾಖಲಿಸುವ ಪರಂಪರೆ ಈ ನೆಲಕ್ಕೆ ಹೊಸತಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಹೊಸತಾದುದು ಸಾಧನ ಮಾತ್ರ.

3

ಚಲಿಸುವ ದೇಹದ ಮೇಲೆ ಕ್ಯಾಮರಾವನ್ನು ಇರಿಸಬೇಕೆಂಬ ಕಲ್ಪನೆ ಒಂದೇ ದಿನ ಹುಟ್ಟಿದುದಲ್ಲ. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮರಾವೊಂದನ್ನು ರಚಿಸಿ, ಹಾರುವ ಹಕ್ಕಿಯ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೆಗೆದನು. ಇಲ್ಲಿ ಚಲಿಸುತ್ತಿದ್ದುದು ಹಕ್ಕಿ. ಕ್ಯಾಮರಾ ನೋಡುವವನ ಕೈಯಲ್ಲಿಯೇ ಇದ್ದಿತು. ಈ ಸಂಬಂಧವನ್ನು ತಲೆಕೆಳಗು ಮಾಡಿದವನು ಜರ್ಮನಿಯ ಕ್ರೋನ್‌ಬರ್ಗಿನ ಔಷಧಿ ವ್ಯಾಪಾರಿ ಯೂಲಿಯಸ್ ನಾಯ್‌ಬ್ರೊನರ್. ಪಾರಿವಾಳಗಳ ಎದೆಗೆ ಕಟ್ಟಬಹುದಾದ ಕ್ಯಾಮರಾಕ್ಕೆ ಆತನು 1907ರಲ್ಲಿ ಹಕ್ಕುಪತ್ರವನ್ನು ಕೋರಿ 1908ರಲ್ಲಿ ಪಡೆದನು. ಅದರ ತೂಕ 30ರಿಂದ 75 ಗ್ರಾಂ. ಹೊರುವ ಪ್ರಾಣಿಯ ಶಕ್ತಿಯೇ ಯಂತ್ರದ ತೂಕವನ್ನು ನಿರ್ಣಯಿಸಬೇಕೆಂಬ ತತ್ತ್ವ ಇಲ್ಲಿ ಮೊದಲ ಬಾರಿಗೆ ಸ್ಫುಟವಾಗಿ ಕಾಣುತ್ತದೆ.

ಮನುಷ್ಯನ ತಲೆಯ ಮೇಲೆ ಕ್ಯಾಮರಾ ಏರಿದುದು ಮುಖ್ಯವಾಗಿ 1960ರ ದಶಕದಲ್ಲಿ. 1961ರಿಂದ 1963ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ರಿಪ್‌ಕಾರ್ಡ್’ ಎಂಬ ದೂರದರ್ಶನಮಾಲೆಗಾಗಿ ಬಾಬ್ ಸಿಂಕ್ಲೇರ್ ಶಿರಸ್ತ್ರಾಣದ ಕ್ಯಾಮರಾವನ್ನು ಧರಿಸಿ ವಿಮಾನದಿಂದ ಧುಮುಕಿ ಚಿತ್ರೀಕರಿಸಿದನು. 1966ರಲ್ಲಿ ಮೋಟಾರು ಪಂದ್ಯದ ಸವಾರ ಜಾಕಿ ಸ್ಟೀವರ್ಟ್ ಮೊನಾಕೊದಲ್ಲಿ ತನ್ನ ಶಿರಸ್ತ್ರಾಣಕ್ಕೆ ನಿಕಾನ್ ಕ್ಯಾಮರಾವೊಂದನ್ನು ಪಟ್ಟಿಯಿಂದ ಅಂಟಿಸಿಕೊಂಡು ಓಡಿಸಿದನು. ಇವೆರಡು ಪ್ರಸಂಗಗಳಲ್ಲಿಯೂ ಧರಿಸಿದವನು ಆ ವೃತ್ತಿಯಲ್ಲಿ ನುರಿತವನು. ಯಂತ್ರ ಸಾಮಾನ್ಯರ ಅಳವಿಗೆ ಮೀರಿದ್ದು.

ಇದೇ ಕಾಲದ ನಮ್ಮ ದೇಶದ ಸ್ಥಿತಿಯನ್ನೂ ನೆನೆಯಬೇಕು. ಸೋನೆಪತದಲ್ಲಿ 1951ರಲ್ಲಿ ಅಟ್ಲಾಸ್ ಕಂಪೆನಿ, ಲೂಧಿಯಾನದಲ್ಲಿ 1956ರಲ್ಲಿ ಹೀರೊ ಕಂಪೆನಿ ಸೈಕಲ್ ತಯಾರಿಕೆಗೆ ತೊಡಗಿದವು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ದೇಶದಲ್ಲಿಯೇ ಫಿಲ್ಮನ್ನು ತಯಾರಿಸುವ ಹವಣಿಕೆಯನ್ನು ಕೈಗೊಂಡಿತು. ಬರೋಡದಲ್ಲಿ ತಯಾರಾದ ‘ಆಗ್ಫಾ ಕ್ಲಿಕ್ 3’ ಎಂಬ ಸರಳ ಕ್ಯಾಮರಾ ಮಧ್ಯಮವರ್ಗದ ಅನೇಕ ಮನೆಗಳನ್ನು ಸೇರಿತು. ಅದರಲ್ಲಿ ಒಂದು ಸುರುಳಿಗೆ ದೊರೆಯುತ್ತಿದ್ದುದು 12 ಚಿತ್ರಗಳು ಮಾತ್ರ. ಆದುದರಿಂದ ಅಗ್ಗದ ಕ್ಯಾಮರಾವೆಂದರೆ ಪೆಟ್ಟಿಗೆಯ ಬೆಲೆಯಷ್ಟೇ ಅಲ್ಲ, ಸುರುಳಿಯ ಬೆಲೆ, ತೊಳೆಸುವ ಬೆಲೆ, ಅಚ್ಚಿನ ಬೆಲೆ ಇವೆಲ್ಲ ಸೇರಿದ ಮೊತ್ತವೆಂಬುದನ್ನು ಆ ತಲೆಮಾರಿನವರು ಚೆನ್ನಾಗಿ ಅರಿತಿದ್ದರು. ಈ ಅರಿವು ಇಂದು ಮರೆವಿಗೆ ಸಂದಿರುವಂತೆ ಕಾಣುತ್ತದೆ.

ಇನ್ನು ಬೆಟ್ಟದ ಸೈಕಲ್ಲಿನ ವಿಚಾರ. ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಲ್ಲಿ 1976ರಲ್ಲಿ ಹಳೆಯ ಭಾರಿ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ‘ರಿಪ್ಯಾಕ್’ ಎಂಬ ಪಂದ್ಯ ಪ್ರಾರಂಭವಾಯಿತು. ಇಳಿಜಾರಿನ ಉದ್ದಕ್ಕೂ ಬ್ರೇಕು ಹಿಡಿದುದರಿಂದ ಹಿಂಗಾಲಿಯ ಗುಬ್ಬಿಯೊಳಗಿನ ಗ್ರೀಸು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿದ್ದುದೇ ಆ ಹೆಸರಿಗೆ ಕಾರಣ. ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚಿ ಮೊದಲಾದವರ ಪ್ರಯತ್ನದಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಈ ಕೆಲಸಕ್ಕೆಂದೇ ರಚಿತವಾದ ಸೈಕಲ್ಲು ರೂಪುಗೊಂಡಿತು. 1996ರಲ್ಲಿ ಈ ಕ್ರೀಡೆ ಒಲಿಂಪಿಕ್ ಪಂದ್ಯಗಳಲ್ಲಿಯೂ ಸ್ಥಾನವನ್ನು ಪಡೆಯಿತು.

ಈ ಎರಡು ಧಾರೆಗಳು ಕೂಡಿದುದು 1987ರಲ್ಲಿ. ಮಾರ್ಕ್ ಶುಲ್ಜೆ ಎಂಬ ಅಮೆರಿಕದ ಚಿತ್ರಗ್ರಾಹಕನು ಬೆಟ್ಟದ ಸೈಕಲ್ ಸವಾರಿಯನ್ನು ಕುರಿತ ವಿಡಿಯೊ ಚಿತ್ರವೊಂದಕ್ಕಾಗಿ ಮೋಟಾರ್‌ಸೈಕಲ್ಲಿನ ಶಿರಸ್ತ್ರಾಣಕ್ಕೆ ಕ್ಯಾಮರಾವನ್ನು ಬಿಗಿದನು. ಅದರಿಂದ ಹೊರಟ ತಂತಿ, ಮೆತ್ತೆಯಿಟ್ಟ ಬೆನ್ನುಚೀಲದಲ್ಲಿದ್ದ ವಿಡಿಯೊ ಯಂತ್ರವನ್ನು ಸೇರುತ್ತಿದ್ದಿತು. ಕಣ್ಣು ತಲೆಯ ಮೇಲೆ, ನೆನಪು ಬೆನ್ನಿನ ಮೇಲೆ ಎಂಬಂತಿದ್ದ ಈ ಏರ್ಪಾಡು ಸವಾರನಿಗೆ ಎಷ್ಟು ಭಾರವಾಗಿದ್ದಿತೆಂಬುದನ್ನು ಊಹಿಸಬಹುದು.

ಆ ನೆನಪನ್ನು ಬೆನ್ನಿನಿಂದ ಇಳಿಸಿದುದು ವಿದ್ಯುತ್‌ಕಣಶಾಸ್ತ್ರದ ಪ್ರಗತಿ. ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಅವರು ಕಲ್ಪಿಸಿದ ಸಿ.ಸಿ.ಡಿ. ಚಿತ್ರಗ್ರಾಹಿ, 1990ರ ದಶಕದಲ್ಲಿ ಎರಿಕ್ ಫೊಸಮ್ ಮತ್ತು ಸಂಗಡಿಗರು ಬೆಳೆಸಿದ ಸೀಮಾಸ್ ಚಿತ್ರಗ್ರಾಹಿ, ಉಗುರಿನಷ್ಟು ಅಗಲದ ಮೆಮೊರಿ ಕಾರ್ಡು ಇವು ಕೂಡಿ ಯಂತ್ರವನ್ನು ಅಂಗೈಯೊಳಗೆ ಅಡಕಗೊಳಿಸಿದವು. ನಿಕ್ ವುಡ್‌ಮನ್ 2002ರಲ್ಲಿ ಸ್ಥಾಪಿಸಿದ ಗೋಪ್ರೊ ಕಂಪೆನಿ 2004ರಲ್ಲಿ ಹೊರತಂದ ಮೊದಲ ಕ್ಯಾಮರಾ ಮಣಿಕಟ್ಟಿಗೆ ಕಟ್ಟುವಂಥದು. ಅದರಲ್ಲಿ ಬಳಸುತ್ತಿದ್ದುದು ಫಿಲ್ಮು. 2006ರ ಅವತರಣಿಕೆ 10 ಸೆಕೆಂಡುಗಳ ಚಲಚ್ಚಿತ್ರವನ್ನು ಮಾತ್ರ ತೆಗೆಯಬಲ್ಲದಾಗಿದ್ದಿತು. 2009ರಲ್ಲಿ ಬಂದ ‘ಎಚ್.ಡಿ. ಹೀರೊ’ ಪೂರ್ಣಪ್ರಮಾಣದ ಸ್ಫುಟಚಿತ್ರವನ್ನು ಕೊಟ್ಟಿತು. 2015ರಲ್ಲಿ ಚೀನದ ಶಿಯೋಮಿ ಸಮೂಹದಿಂದ ‘ಯಿ’ ಎಂಬ ಕ್ಯಾಮರಾ 399 ಯುವಾನ್ ಬೆಲೆಗೆ ಮಾರುಕಟ್ಟೆಗೆ ಬಂದುದು ಬೆಲೆಯ ಚರಿತ್ರೆಯಲ್ಲಿ ಒಂದು ಘಟ್ಟ. 2018ರಲ್ಲಿ ‘ಹೀರೊ 7 ಬ್ಲ್ಯಾಕ್’ ತಂದ ಪರಿಣಾಮಕಾರಿಯಾದ ಕಂಪನನಿವಾರಣೆ ಗುಣದ ಚರಿತ್ರೆಯಲ್ಲಿ ಇನ್ನೊಂದು ಘಟ್ಟ.

ತೂಕದ ವಿಚಾರದಲ್ಲಿ ಒಂದು ಕುತೂಹಲಕರ ಅಂಶವಿದೆ. 2019ರ ‘ಇನ್‌ಸ್ಟಾ360 ಗೊ’ ಕ್ಯಾಮರಾದ ತೂಕ ಸುಮಾರು 18 ಗ್ರಾಂ. 2016ರ ‘ಹೀರೊ 5 ಸೆಷನ್’ 74 ಗ್ರಾಂ. 2023ರ ‘ಹೀರೊ 12 ಬ್ಲ್ಯಾಕ್’ 154 ಗ್ರಾಂ. ಎಂದರೆ, ಈ ಕೊನೆಯದು ನಾಯ್‌ಬ್ರೊನರನ ಪಾರಿವಾಳ ಹೊತ್ತುದಕ್ಕಿಂತ ಎರಡು ಪಟ್ಟು ಭಾರ. ಕಾಲ ಮುಂದುವರಿದಂತೆಲ್ಲ ಯಂತ್ರ ಹಗುರವಾಗುತ್ತ ಬರುತ್ತದೆಂಬುದು ಸರ್ವಥಾ ಸತ್ಯವಲ್ಲ. ಹೊಸತು ಎಂಬುದೂ ತಲೆಗೆ ತಕ್ಕುದು ಎಂಬುದೂ ಬೇರೆ ಬೇರೆ.

4

ಮೇಲ್ಕಂಡ ಚರಿತ್ರೆಯ ಬೆಳಕಿನಲ್ಲಿ ಆಯ್ಕೆಯ ವಿಚಾರಕ್ಕೆ ಬರೋಣ.

ಮೊದಲನೆಯದು ಕಂಪನ. ಮುರಕಲ್ಲಿನ ಮೇಲ್ಮೈ ಜೇನುಗೂಡಿನಂತೆ ತೂತುತೂತಾಗಿ, ಗಟ್ಟಿಯಾಗಿ ಇರುತ್ತದೆ. ಅದರ ಮೇಲೆ ಓಡುವ ಸೈಕಲ್ಲು ಒಂದೇ ಸಮನೆ ಅದಿರುತ್ತದೆ. ಸೀಮಾಸ್ ಚಿತ್ರಗ್ರಾಹಿ ಸಾಮಾನ್ಯವಾಗಿ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ಓದಿ ಮುಗಿಯುವುದರೊಳಗೆ ಕ್ಯಾಮರಾ ಅಲುಗಿದರೆ ನೇರವಾದ ತೆಂಗಿನ ಮರವೂ ಬಳುಕಿದಂತೆ ಕಾಣುತ್ತದೆ. ಆದಕಾರಣ ಇಲ್ಲಿಯ ಸವಾರನಿಗೆ ಚಿತ್ರದ ಬಿಂದುಗಳ ಸಂಖ್ಯೆಗಿಂತ ಕಂಪನನಿವಾರಣೆಯೇ ಮುಖ್ಯ. ಅಗ್ಗದ ಕೆಲವು ಕ್ಯಾಮರಾಗಳು ‘4ಕೆ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದರೂ ಒಳಗಿನ ಚಿತ್ರಗ್ರಾಹಿ ಅಷ್ಟು ಬಿಂದುಗಳನ್ನು ಗ್ರಹಿಸುವುದಿಲ್ಲ. ಕಡಿಮೆ ಬಿಂದುಗಳ ಚಿತ್ರವನ್ನು ಗಣಿತದಿಂದ ಹಿಗ್ಗಿಸಿ ತೋರಿಸುತ್ತವೆ. ಇಂಥ ಹೊಸ ಯಂತ್ರಕ್ಕಿಂತ, 2018ರ ಅನಂತರ ಬಂದು ಕಂಪನನಿವಾರಣೆಯುಳ್ಳ, ಒಮ್ಮೆ ಬಳಸಿದ ಒಳ್ಳೆಯ ಯಂತ್ರವನ್ನು ಬ್ಯಾಟರಿ ಉಬ್ಬಿಲ್ಲವೆಂದೂ ಮಸೂರ ಗೀಚಿಲ್ಲವೆಂದೂ ನೋಡಿ ಕೊಳ್ಳುವುದು ಮೇಲು.

ಎರಡನೆಯದು ವೇಗ ಮತ್ತು ಬೆಳಕು. ಗಂಟೆಗೆ 30 ಕಿಲೋಮೀಟರಿನಂತೆ ಇಳಿಯುವವನು ಸೆಕೆಂಡಿಗೆ 8.3 ಮೀಟರು ಸಾಗುತ್ತಾನೆ. ಸೆಕೆಂಡಿಗೆ 30 ಚಿತ್ರಗಳಾದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 28 ಸೆಂಟಿಮೀಟರು ದಾರಿ ಹೋಗಿರುತ್ತದೆ. 60 ಚಿತ್ರಗಳಾದರೆ ಸುಮಾರು 14 ಸೆಂಟಿಮೀಟರು. ಬಯಲಾದ ಪಾದೆಯ ಮೇಲೆ 60 ಚಿತ್ರಗಳ ಕ್ರಮ ಲೇಸು. ಆದರೆ ಅಡಕೆತೋಟದ ಅಥವಾ ಹಾಡಿಯ ನೆರಳಿನಲ್ಲಿ, ಮಳೆಗಾಲದ ಮೋಡ ಕವಿದ ಹೊತ್ತಿನಲ್ಲಿ, ಚಿಕ್ಕ ಚಿತ್ರಗ್ರಾಹಿಗೆ ಬೆಳಕು ಸಾಲದೆ ಚಿತ್ರ ಮಸುಕಾಗುತ್ತದೆ. ಅಂಗಡಿಯ ದೀಪದ ಕೆಳಗೆ ಅಲ್ಲ, ಸಂಜೆಯ ನೆರಳಿನಲ್ಲಿ ಪರೀಕ್ಷಿಸಿ ನೋಡಬೇಕೆಂಬುದು ಇದರಿಂದ ಸಿದ್ಧಿಸುತ್ತದೆ.

ಮೂರನೆಯದು ನೀರು ಮತ್ತು ಉಪ್ಪು. ಅಗ್ಗದ ಯಂತ್ರಗಳಲ್ಲಿ ಅನೇಕವು ತಾವಾಗಿ ನೀರನ್ನು ತಡೆಯಲಾರವು. ಬೇರೊಂದು ಪಾರದರ್ಶಕ ಕವಚದೊಳಗೆ ಇರಬೇಕು. ಯಂತ್ರ ಕಾದು, ಹೊರಗಿನ ಮಳೆ ಕವಚವನ್ನು ತಣಿಸಿದಾಗ ಒಳಗಿನ ತೇವ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣವೊಂದನ್ನು ಒಳಗಿಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಕಾಪು, ಮಟ್ಟುಗಳ ಕಡಲ ದಂಡೆಯಲ್ಲಿ ಸಂಚರಿಸಿ ಬಂದ ಬಳಿಕ ಕವಚವನ್ನು ಮುಚ್ಚಿದಂತೆಯೇ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ತಿರುಪುಗಳಿಗೆ ತುಕ್ಕು ಹಿಡಿಯುವುದು ನಿಶ್ಚಯ.

ನಾಲ್ಕನೆಯದು ಒಟ್ಟು ವೆಚ್ಚ. ಸೆಕೆಂಡಿಗೆ 60 ಮೆಗಾಬಿಟ್ಟಿನಂತೆ ದಾಖಲಿಸುವ ಯಂತ್ರ ಗಂಟೆಗೆ 27 ಗಿಗಾಬೈಟುಗಳನ್ನು ತುಂಬುತ್ತದೆ. 30 ಮೆಗಾಬಿಟ್ಟಾದರೆ 13.5. ಉಡುಪಿಯಿಂದ ಕಾರ್ಕಳಕ್ಕೆ ಸುಮಾರು 38 ಕಿಲೋಮೀಟರು. ಒಳದಾರಿಗಳಲ್ಲಿ ಮೂರು ಗಂಟೆಯ ಪಯಣವೆಂದು ಇಟ್ಟುಕೊಂಡರೆ ಮೊದಲನೆಯ ಕ್ರಮದಲ್ಲಿ 81 ಗಿಗಾಬೈಟು, ಎರಡನೆಯದರಲ್ಲಿ ಸುಮಾರು 41 ಬೇಕು. ಒಂದು ಬ್ಯಾಟರಿ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಗಂಟೆ ಬಾಳುವುದರಿಂದ ಕನಿಷ್ಠ ಎರಡು ಮೂರು ಬ್ಯಾಟರಿಗಳು ಅವಶ್ಯ. ಒಳ್ಳೆಯ ಕಾರ್ಡು, ಬ್ಯಾಟರಿಗಳು, ಕಟ್ಟುವ ಪಟ್ಟಿ, ಕವಚ ಇವುಗಳ ಬೆಲೆಯನ್ನು ಕೂಡಿಸದೆ ಯಂತ್ರವನ್ನು ಅಗ್ಗವೆನ್ನುವುದು, ಫಿಲ್ಮಿನ ಬೆಲೆಯನ್ನು ಮರೆತು ಕ್ಲಿಕ್ ಕ್ಯಾಮರಾವನ್ನು ಅಗ್ಗವೆಂದಂತೆ. ಬ್ಯಾಟರಿಯನ್ನು ಬದಲಿಸಲು ಬಾರದ ಯಂತ್ರಗಳೂ ಇರುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

5

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ತಲೆಯದು. ನಮ್ಮ ಸೀಮೆಯಲ್ಲಿ ಹಿಂದೆ ತಲೆಯ ಕಾಪು ಅಡಕೆಯ ಹಾಳೆಯ ಮುಟ್ಟಾಳೆ. ಅದು ಬಿಸಿಲಿಗೂ ಹೊರೆಗೂ ತಕ್ಕುದು, ಬೀಳುವಿಕೆಗೆ ಅಲ್ಲ. ಸೈಕಲ್ಲಿನ ಇಂದಿನ ಶಿರಸ್ತ್ರಾಣದೊಳಗೆ ನೊರೆಯಂಥ ಹಗುರ ವಸ್ತುವಿನ ಪದರವಿದ್ದು, ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಗೆ ತಟ್ಟುವ ಆಘಾತವನ್ನು ಕಡಿಮೆ ಮಾಡುತ್ತದೆ. ಅದರ ಮೇಲೆ ಗಟ್ಟಿಯಾದ ಕ್ಯಾಮರಾವನ್ನು ಇರಿಸಿದಾಗ ಮೂರು ಅಪಾಯಗಳು ಒದಗುತ್ತವೆ: ಪೆಟ್ಟು ಒಂದೇ ಕಡೆ ಕೇಂದ್ರೀಕೃತವಾಗಬಹುದು, ಕೊಂಬೆಗೆ ಸಿಕ್ಕಿ ಕತ್ತು ತಿರುಚಬಹುದು, ತಲೆಯಿಂದ ಎತ್ತರದಲ್ಲಿರುವ ತೂಕ ಕತ್ತಿನ ಶ್ರಮವನ್ನು ಹೆಚ್ಚಿಸಬಹುದು.

2013ನೆಯ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್ಲಿನಲ್ಲಿ ಹಿಮದ ಮೇಲೆ ಜಾರುತ್ತಿದ್ದ ಮೋಟಾರು ಪಂದ್ಯದ ವೀರ ಮೈಕೆಲ್ ಶೂಮಾಕರ್ ಬಂಡೆಗೆ ತಲೆ ತಾಗಿ ತೀವ್ರವಾಗಿ ಗಾಯಗೊಂಡಾಗ ಆತನ ಶಿರಸ್ತ್ರಾಣದ ಮೇಲೆ ಕ್ಯಾಮರಾ ಇದ್ದಿತು. ತನಿಖೆಗಾರರಿಗೆ ಅದರ ಚಿತ್ರವೇ ಮುಖ್ಯ ಸಾಕ್ಷ್ಯವಾಯಿತು. ಕ್ಯಾಮರಾದಿಂದಲೇ ಗಾಯ ಹೆಚ್ಚಾಯಿತೆಂಬ ಮಾತು ಹಬ್ಬಿತಾದರೂ ಅದು ಸಿದ್ಧವಾಗಲಿಲ್ಲ. ಸಿದ್ಧವಾಗದ ಮಾತನ್ನು ಸಿದ್ಧಾಂತವೆಂದು ಹಿಡಿಯಲಾಗದು. ಆದರೆ ಎಚ್ಚರಕ್ಕೆ ಸಿದ್ಧಾಂತದ ಅಪೇಕ್ಷೆಯಿಲ್ಲ. ಶಿರಸ್ತ್ರಾಣಕ್ಕೆ ತೂತು ಕೊರೆಯಬಾರದು. ಎಳೆತಕ್ಕೆ ಬಿಟ್ಟುಬರುವಂಥ ಪಟ್ಟಿಯನ್ನೇ ಬಳಸಬೇಕು. ಹಗುರವಾದ ಯಂತ್ರವನ್ನೇ ಆರಿಸಬೇಕು. ಕಡಿದಾದ ಬಂಡೆಯ ಇಳಿಜಾರಿನಲ್ಲಿ ಅದನ್ನು ಎದೆಗೆ ಇಳಿಸಿಕೊಳ್ಳಬೇಕು. ಹಣ ಪರಿಮಿತವಾಗಿದ್ದಲ್ಲಿ ಮೊದಲು ಪ್ರಮಾಣಿತವಾದ ಶಿರಸ್ತ್ರಾಣ, ಆಮೇಲೆ ಸುಸ್ಥಿತಿಯ ಬ್ರೇಕು, ಉಳಿದುದರಲ್ಲಿ ಕ್ಯಾಮರಾ. ಈ ಕ್ರಮವನ್ನು ತಲೆಕೆಳಗು ಮಾಡಿ ಕೊಂಡ ಕ್ಯಾಮರಾ ಎಷ್ಟು ಅಗ್ಗವಾದರೂ ದುಬಾರಿಯೇ.

6

ಕೊನೆಯದಾಗಿ, ಆಧಾರಸಾಮಗ್ರಿಯ ದೃಷ್ಟಿಯಿಂದ ಒಂದೆರಡು ಮಾತು. ಈ ಕ್ಯಾಮರಾಗಳ ಮಸೂರ ಬಹು ಅಗಲವಾದ ನೋಟವುಳ್ಳದ್ದು. ಹತ್ತಿರವಿರುವುದನ್ನು ಹಿಗ್ಗಿಸಿ ದೂರವಿರುವುದನ್ನು ಕುಗ್ಗಿಸುವ ಸ್ವಭಾವ ಅದಕ್ಕಿದೆ. ಜೊತೆಗೆ, ಸವಾರನ ದೇಹ ಚಿತ್ರದಲ್ಲಿ ಕಾಣದಿರುವುದರಿಂದ ಇಳಿಜಾರನ್ನು ಅಳೆಯಲು ಕಣ್ಣಿಗೆ ಅಳತೆಗೋಲೇ ಇಲ್ಲದಂತಾಗುತ್ತದೆ. ಪರಿಣಾಮವಾಗಿ ಎದೆ ನಡುಗಿಸುವ ಇಳಿಜಾರು ತೆರೆಯ ಮೇಲೆ ಸಪಾಟಾಗಿ ತೋರುತ್ತದೆ. ಇದನ್ನು ತಿಳಿಯದ ಸವಾರನು ಚಿತ್ರದಲ್ಲಿ ಕಂಡ ದಾರಿಯನ್ನು ಸುಲಭವೆಂದು ನಂಬಿ ಅಪಾಯಕ್ಕೆ ಒಳಗಾಗಬಹುದು. ಇದನ್ನು ತಿಳಿಯದ ಸಂಶೋಧಕನು ನೆಲದ ಸ್ವರೂಪವನ್ನು ತಪ್ಪಾಗಿ ಗ್ರಹಿಸಬಹುದು. ಎದೆಯ ಮೇಲಿನ ಕ್ಯಾಮರಾದಲ್ಲಿ ಹ್ಯಾಂಡಲೂ ಕೈಗಳೂ ಕಾಣುವುದರಿಂದ ಈ ದೋಷ ಸ್ವಲ್ಪ ಕಡಿಮೆ.

ಇನ್ನೊಂದು ಅಂಶ ಕಾಲನಿರ್ದೇಶ. ಕಾರ್ಕಳದ 42 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ವೀರಪಾಂಡ್ಯ ಭೈರರಸನು ಕ್ರಿ.ಶ. 1432ನೆಯ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಅದಕ್ಕೆ ಕಾರಣ, ಮಾಡಿಸಿದವನು ಕಾಲವನ್ನೂ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದುದು. ಅಗ್ಗದ ಕ್ಯಾಮರಾಗಳಲ್ಲಿಯಾದರೋ ಬ್ಯಾಟರಿ ಪೂರ್ತಿ ಬರಿದಾದರೆ ಗಡಿಯಾರ ಕಾರ್ಖಾನೆಯ ದಿನಾಂಕಕ್ಕೆ ಮರಳುವುದುಂಟು. ಆಗ ಚಿತ್ರಕ್ಕೆ ತಪ್ಪು ತಾರೀಖು ಅಂಟಿಕೊಳ್ಳುತ್ತದೆ. ತಾರೀಖಿಲ್ಲದ ಆಧಾರಕ್ಕಿಂತ ತಪ್ಪು ತಾರೀಖಿನ ಆಧಾರ ಕೆಟ್ಟದ್ದು. ಹೊರಡುವ ಮುನ್ನ ಗಡಿಯಾರವನ್ನು ಸರಿಪಡಿಸುವುದೂ, ದಿನಾಂಕವನ್ನೂ ಊರನ್ನೂ ಬಾಯಿಂದ ಹೇಳಿ ದಾಖಲಿಸುವುದೂ ಖರ್ಚಿಲ್ಲದ ಉಪಾಯಗಳು.

ಚಿತ್ರಿಸುವವನಿಗೆ ಮಿತಿಯೂ ಇದೆ. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾಗಬನ, ದೈವಸ್ಥಾನ, ಇನ್ನೊಬ್ಬರ ಮನೆಯಂಗಳ ಇವು ದಾರಿಯ ಬದಿಯಲ್ಲಿವೆಯೆಂಬ ಮಾತ್ರಕ್ಕೆ ಎಲ್ಲರ ಕಣ್ಣಿಗೆ ಒಪ್ಪಿಸತಕ್ಕವಲ್ಲ. ಹೊತ್ತವನು ಮರೆತರೂ ತಲೆಯ ಮೇಲಿನ ಯಂತ್ರ ನೋಡುವುದನ್ನು ಮರೆಯುವುದಿಲ್ಲವಾದ್ದರಿಂದ, ಅಂಥ ಸ್ಥಳಗಳಲ್ಲಿ ಅದನ್ನು ನಿಲ್ಲಿಸುವ ಹೊಣೆ ಸವಾರನದು.

ಮುರಕಲ್ಲಿನ ಪಾದೆಗಳು ಕೋರೆಗಳಾಗುತ್ತಿವೆ, ಹೆದ್ದಾರಿಗಳು ಅಗಲವಾಗುತ್ತಿವೆ, ಕಟ್ಟಪುಣಿಗಳ ಮೇಲೆ ಕಾಂಕ್ರೀಟು ಬೀಳುತ್ತಿದೆ, ಕಾಲುಸಂಕಗಳ ಸ್ಥಾನದಲ್ಲಿ ಸೇತುವೆಗಳು ಏಳುತ್ತಿವೆ. ಇವುಗಳಲ್ಲಿ ಬಹಳಷ್ಟು ಜನರಿಗೆ ಬೇಕಾದ ಬದಲಾವಣೆಗಳೇ. ಆದರೆ ಹಳೆಯ ದಾರಿ ಎಲ್ಲಿ ಹಾದಿದ್ದಿತು, ಎಷ್ಟು ಅಗಲವಾಗಿದ್ದಿತು, ಯಾವ ಮರದ ಕೆಳಗೆ ತಿರುಗುತ್ತಿದ್ದಿತು ಎಂಬುದನ್ನು ಯಾವ ಸರ್ಕಾರಿ ನಕ್ಷೆಯೂ ಪೂರ್ತಿಯಾಗಿ ಹೇಳಲಾರದು. ಬುಕಾನನ್ನನಿಗೆ ಆಳುಗಳೂ ಕಂಪೆನಿ ಸರ್ಕಾರದ ಆಜ್ಞೆಯೂ ಇದ್ದವು. ಇಂದಿನ ವಿದ್ಯಾರ್ಥಿಗೆ ಒಂದು ಸೈಕಲ್ಲೂ ಮಿತವಾದ ಬೆಲೆಯ ಕ್ಯಾಮರಾವೂ ಸಾಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ, ಒಂದೇ ದಾರಿಯನ್ನು, ಒಂದೇ ದಿಕ್ಕಿನಲ್ಲಿ, ದಿನಾಂಕಸಹಿತವಾಗಿ ಚಿತ್ರಿಸಿ, ಮೂಲಪ್ರತಿಯನ್ನು ತಿದ್ದದೆ ಗ್ರಂಥಾಲಯಕ್ಕೆ ಒಪ್ಪಿಸುವ ಪದ್ಧತಿಯನ್ನು ಪ್ರಾರಂಭಿಸುವುದು ಯುಕ್ತ. ಕಾಪುವಿನ ದೀಪಸ್ತಂಭದಿಂದ ಕಾರ್ಕಳದ ಬೆಟ್ಟದವರೆಗಿನ ಒಳದಾರಿಯನ್ನು ಇದಕ್ಕೆ ಮೊದಲನೆಯದಾಗಿ ಆರಿಸಿಕೊಳ್ಳಬಹುದು.